ಹಿಡಕಲ್ ನೀರಾಗ ಅಪ್ಪಣ್ಣನ ಫ್ರಿಗೇಟ್

ಮಮದಾಪುರದ ಅಪ್ಪಣ್ಣ ನೇವಿಯಿಂದ ರಿಟೈರ್ ಆಗಿ ಬಂದಾಂವ, ಖರೆ. ಆದ್ರ ಹಡಗಿನ್ಯಾಗ ಅಂವನ ಕೆಲಸ ಸಾಹೇಬರಿಗೆ ಚಾ ಕೊಡೋದು. ಅದೊಂದು ಬಿಟ್ಟು ಉಳದದ್ದೆಲ್ಲಾ ಊರಾಗ ಹೇಳಿದ್ದ ನೋಡ್ರಿ. ಕಟ್ಟಿ ಮ್ಯಾಲೆ ಕುಂತ ಅಂದ್ರ ಸುರು:

"ನಮ್ಮ ನೀಲಗಿರಿ ಜಾತಿ ಫ್ರಿಗೇಟ್ ಅಂದ್ರ ಏನ ತಿಳದೀರಿ? ಯುದ್ಧದ ಹಡಗ! ನಕ್ಷಾ ಇಂಗ್ಲಿಷರದು, ಕಟ್ಟಿದ್ದು ಮುಂಬೈದಾಗ. ಅಕ್ಕ-ತಂಗೇರಂಗ ಆರು. ಮೊದಲಿನವುಕ್ಕ ಸಣ್ಣ ಹೆಲಿಕಾಪ್ಟರ್. ಕಡೀ ಎರಡಕ್ಕ ದೊಡ್ಡದು ಬೇಕಾತು. ಸುಮ್ಮನ ಹೇರಿದ್ರ ಮಗ್ಗಲಕ್ಕ ಬೀಳತೈತಿ. ಅದಕ್ಕ ಹಿಂದಿದ್ದ ತೋಫ ತಗದ್ರು. ಮ್ಯಾಲೆ ಒಂದು ಏರಸಬೇಕಂದ್ರ ಒಂದು ಇಳಸಬೇಕ್ರಿ!"

ಇದು ಸಾಹೇಬರು ಚಾ ಕುಡಕೋತ ಆಡಿದ ಮಾತು. ಇಂವ ಕಪ್ಪು ಎತ್ತಕೋತ ಕೇಳಿದ್ದು.

ಮೊದಲನೇ ಹಡಗ ನೀಲಗಿರಿ ಸೇವೆ ಮುಗಿಸಿ ನಿಂತ ಮರುವರ್ಷ, ತೊಂಬತ್ತೇಳರ ಮಳಿಗಾಲ. ಅಪ್ಪಣ್ಣನ ಅಕ್ಕ ಸತ್ತೆವ್ವಂದು ಒಂದು ಹರಕಿ ಇತ್ತು. ಮಗಳು ಶೋಭಾಗ ಎರಡು ಕೂಸು ಹೊಟ್ಟ್ಯಾಗ ಹೋಗಿ, ಮೂರನೇದು ಉಳದಿತ್ತು. ಹಿಡಕಲ್ ಡ್ಯಾಮ್ ತುಂಬಿದ ಕೂಡ್ಲೆ ನಡು ನೀರಾಗ ಗಂಗವ್ವಗ ಉಡಿ ತುಂಬತೇನಿ ಅಂದಿದ್ಲು. ಮೀನ ಹಿಡಿಯೋ ಬೀರಸಿದ್ದಪ್ಪನ ದೋಣಿ ಕೇಳಿ ಇಟ್ಟಿದ್ಲು ಪಾಪ.

"ಮೀನಿನ ದೋಣ್ಯಾಗ ಉಡೀನ? ಬ್ಯಾಡಕ್ಕಾ," ಅಂದ ಅಪ್ಪಣ್ಣ. "ನಾ ಫ್ರಿಗೇಟ್ ಮಾಡಿಕೊಡತೇನಿ."

ಮಾಡಿದ. ಎಣ್ಣಿ ಡಬ್ಬಿ, ಬಿದಿರು, ತಗಡು, ಮ್ಯಾಲೆ ಬೂದಿ ಬಣ್ಣ. ಊರ ಮಂದಿ ಬಂದು ಬಂದು ನೋಡಿತು. ಸತ್ತೆವ್ವನ ಮೈದುನ ರಾಜಪ್ಪನೂ ಬಂದ. ಬ್ಯಾಟರಿ, ಮೈಕಿನ ಭೋಂಗಾ ಹೊತಗೊಂಡ.

"ಬೀಗ್ರ, ಇವನ್ನ ನಡುವಿನ ಬಿದಿರ ಕಂಬದ ತುದಿಗೆ ಕಟ್ಟೂಣ್ರಿ. ಗಂಗವ್ವನ ಹಾಡು ಹಚ್ಚೂಣು. ಹಡಗ ತಡೀತೈತೋ ಇಲ್ಲೋ ನೀವ ಹೇಳಬೇಕಪಾ. ಇಲ್ಲಾ ಹಡಗಿನ್ಯಾಗ ಬರೇ ಕಪ್ಪು-ಬಶಿ ತೊಳದು ಬಂದೀರೇನು?"

ಮಂದಿ ನಕ್ಕಿತು. ಅಪ್ಪಣ್ಣ ರಾಜಪ್ಪನ ಮಾರಿ ನೋಡಿದ. ಚಾದ ಸಂಗತಿ ಇವಗ ಯಾರರೆ ಹೇಳ್ಯಾರೋ ಹೆಂಗ? ಬ್ಯಾಟರಿ ತುದಿಗೇರಿದ್ರ ತಳಕ್ಕ ಕಲ್ಲು ಕಟ್ಟಬೇಕು, ಇಲ್ಲಾ ಬೀಳತೈತಿ ಅಂತ ಅಪ್ಪಣ್ಣಗ ಚೊಲೊತಂಗ ಗೊತ್ತು. ಹಡಗಕ್ಕ ಕಲ್ಲು ಕಟ್ಟಾಕ ಹೋದ್ರ ಈ ಮಂದಿ ಇನ್ನಷ್ಟು ನಗತೈತಿ.

"ಕಟ್ಟೋ ಮಾರಾಯಾ! ನಮ್ಮದು ಹೆಲಿಕಾಪ್ಟರ್ ಹೊತ್ತದ್ದೈತಿ," ಅಂದಬಿಟ್ಟ.

ಟ್ರ್ಯಾಕ್ಟರಿನ್ಯಾಗ ಹಿಡಕಲ್‌ಗೆ ಒಯ್ದ್ರು. ಅದರ ಮ್ಯಾಲೆ ಹಸರ ಸೀರಿ, ಕುಬಸ, ಬಳಿ, ಕಾಯಿ ಇಟ್ಟು ಸತ್ತೆವ್ವ ದಂಡಿಗೆ ನಿಂತು ಕೈ ಮುಗದ್ಲು. ಬೀರಸಿದ್ದಪ್ಪ ತನ್ನ ದೋಣಿಗೆ ಹಗ್ಗ ಕಟ್ಟಿ ಫ್ರಿಗೇಟನ್ನ ನಡು ನೀರಿನ ಕಡೆ ಎಳದ. ಸ್ವಲ್ಪ ದೂರ ಹೋತು ನೋಡ್ರಿ, ಒಂದು ಗಾಳಿ ಬೀಸಿತು, ಫ್ರಿಗೇಟ್ ಮಗ್ಗಲಕ್ಕ ಮಲಗಿತು. ಭೋಂಗಾ ಗೊರ್ರ್ ಅಂದು ಸುಮ್ಮನಾತು. ಬಳಿ ಮುಳಗಿದುವು. ಸೀರಿ ಅಷ್ಟ ತೇಲಾಕತ್ತಿತು.

ಸತ್ತೆವ್ವ ಕೆಸರಾಗ ಕುಸದು ಕುಂತ್ಲು. "ಒಲ್ಲೆ ಅಂದ್ಲು. ಗಂಗವ್ವ ನನ್ನ ಉಡಿ ಒಲ್ಲೆ ಅಂದ್ಲು. ಕೂಸಿಗೆ ಏನ ಕಾದೈತೋ ಯವ್ವಾ!"

ಹೆಂಗಸರು ಗುಸುಗುಸು ಅನ್ನಾಕತ್ತಿದ್ರು. ರಾಜಪ್ಪ ತನ್ನ ಕಾಲ ನೋಡಕೋತ ನಿಂತ. ಅಪ್ಪಣ್ಣ ಬಾಯಿ ಮುಚ್ಚಕೊಂಡಿದ್ರ ಅಂವನ್ನ ಯಾರೂ ಏನೂ ಅಂತಿದ್ದಿಲ್ಲ, ಎಲ್ಲಾ ಗಂಗವ್ವನ ಮ್ಯಾಲೆ ಹೋಗತಿತ್ತು. ಮುಚ್ಚಕೊಂಡ ನಿಂತಿದ್ದ ಕೂಡ. ಆದ್ರ ಶೋಭಾ ಆ ಕೂಸಿನ ಮಾರಿ ನೋಡಿದ್ಲು ನೋಡ್ರಿ, ಅದು ಆಗಲೇ ಕೈ ಬಿಟ್ಟು ಹೋದಂಗ...

"ಅಕ್ಕಾ, ಗಂಗವ್ವ ಅಲ್ಲ. ನಾನು," ಅಂದ. "ಬೀಳತೈತಿ ಅಂತ ನನಗ ಗೊತ್ತಿತ್ತು. ಹಡಗಿನ್ಯಾಗ ನಾ ಚಾ ಕೊಡಾಂವ. ಅದು ತಿಳದೀತು ಅಂತ ಹೆದರಿ ಬ್ಯಾಟರಿ, ಭೋಂಗಾ ಮ್ಯಾಲೆ ಕಟ್ಟಿಸಿದೆ."

ಮಂದಿ ನಗಬೇಕಿತ್ತು. ಒಬ್ಬರೂ ನಗಲಿಲ್ಲ.

"ಚಾ ಕೊಡೋದೇನು ಕಳವೇನೋ, ಮೂಳಾ?" ಸತ್ತೆವ್ವ ಎದ್ದು ನಿಂತ್ಲು. "ಕೂಸಿನ ಹರಕಿ ಮ್ಯಾಲೆ ಕುಂತು ದೊಡ್ಡಸ್ತಿಕಿ ಮಾಡಿದೆಲ್ಲೋ!"

ಬೀರಸಿದ್ದಪ್ಪ ನೀರಾಗಿಂದ ಎತ್ತಿ ತಂದ ಹಸಿ ಸೀರೀನ ಹಿಂಡಿ, ಶೋಭಾನ ಕೈಯಾಗಿನ ಬಳಿ ತಗಸಿ, ಅಕ್ಕ ಮೀನಿನ ದೋಣಿ ಹತ್ತಿದ್ಲು. ಅಪ್ಪಣ್ಣ ಕೈ ಹಿಡದು ಹತ್ತಸಾಕ ಹೋದ.

"ನೀ ಬ್ಯಾಡ."

ಅಷ್ಟ. ನಡು ನೀರಾಗ ಉಡಿ ತುಂಬಿ ಬಂದ್ರು, ದಂಡಿಗೆ ಬುತ್ತಿ ಬಿಚ್ಚಿದ್ರು. ಅಪ್ಪಣ್ಣ ಟ್ರ್ಯಾಕ್ಟರ್ ಮರಿಗೆ ಕುಂತಿದ್ದ. ಶೋಭಾ ಕೂಸಿನ್ನ ಬಗಲಾಗ ಎತಗೊಂಡು ರೊಟ್ಟಿ ತಂದ್ಲು.

"ಉಣ್ರಿ ಮಾಮಾ."

ಎರಡೂ ಕೈಲೆ ಇಸಗೊಂಡ. ಕೂಸು ಅಂವನ ಟೊಪ್ಪಿಗಿಗೆ ಕೈ ಹಾಕಿತು, ಎಳೀತು. ಮಾರಿ ಎತ್ತಿ ಅದನ್ನ ನೋಡಾಕ ಅಂವಗ ಆಗಲೇ ಇಲ್ಲರಿ.