ತಿದ್ದಿದ ನಗು

ಅಂಕೋಲೆಯಲ್ಲಿ ಫೋಟೋ ತೆಗೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಕಲಾವಿದ ಮಾತ್ರ ತಾನೊಬ್ಬನೇ ಎಂದು ಮಾದೇವ ನಂಬಿದ್ದ. ಅದಕ್ಕೆ ಸಾಕ್ಷಿಯಾಗಿ ಸ್ಟುಡಿಯೋದ ಗೋಡೆಯ ಮೇಲೆ ಗೆಳೆಯ ಹರೀಶನ ಮದುವೆಯ ದಿನದ ಚಿತ್ರ ತೂಗುತ್ತಿತ್ತು. ಕಪ್ಪು-ಬಿಳುಪು, ಕಿಟಕಿಯ ಬೆಳಕು, ಬಾಯ್ತುಂಬ ನಗು. ಕಾರವಾರದ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ಬಂದಿತ್ತು.

ಆ ನಗು ಹೊರಡಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹರೀಶನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಕ್ಯಾಮೆರಾ ಕಂಡರೆ ಸಾಕು, ನಾಚಿಕೆಯಿಂದ ತುಟಿ ಬಿಗಿಯುತ್ತಿದ್ದ. "ಧೈರ್ಯದಲ್ಲಿ ನಗು ಮಾರಾಯಾ, ಹಲ್ಲು ನಾ ಸರಿ ಮಾಡ್ತೆ" ಎಂದು ಮಾದೇವ ಮಾತು ಕೊಟ್ಟ ಮೇಲೆಯೇ ಅವನು ನಕ್ಕದ್ದು. ಮಾದೇವ ಕಂಪ್ಯೂಟರಿನಲ್ಲಿ ಹಲ್ಲನ್ನು ಸಾಲಿಗೆ ತಂದ, ಮೂಲ ಫೋಟೋವನ್ನು ಅಳಿಸಿಯೇಬಿಟ್ಟ. ಕುಂದನ್ನು ಕಾಪಾಡಿಕೊಂಡು ಕೂರುವವ ಎಂಥಾ ಕಲಾವಿದ ಎಂಬ ಜಂಬ ಅವನದು.

ಈ ಮಳೆಗಾಲದಲ್ಲಿ ರಾಮನಗುಳಿಯ ಹತ್ತಿರ ಗಂಗಾವಳಿ ಹೊಳೆ ಹರೀಶನನ್ನು ಒಯ್ದಿತು. ನೆರೆ ಇಳಿದು ಎಷ್ಟೋ ದಿನಗಳ ಮೇಲೆ, ಹೊಳೆಯ ಕೆಳಹರಿವಿನ ಮರಳಿನಲ್ಲಿ ಒಂದು ತಲೆಬುರುಡೆಯೂ ನಾಲ್ಕಾರು ಎಲುಬೂ ಸಿಕ್ಕವು. ಅವುಗಳಿಂದ ಡಿಎನ್‌ಎ ತೆಗೆಯಲು ಆಗಲಿಲ್ಲ. ನಗುವ ಫೋಟೋ ಇದ್ದರೆ ಬುರುಡೆಯ ಚಿತ್ರದ ಮೇಲೆ ಕೂರಿಸಿ ಹಲ್ಲಿಗೆ ಹಲ್ಲು ತಾಳೆ ನೋಡಬಹುದು ಎಂದರು ಕಾರವಾರದ ಡಾಕ್ಟರ್ ನಿಶಾ. ಹರೀಶ ಹಲ್ಲು ಕಾಣುವಂತೆ ನಕ್ಕ ಫೋಟೋ ಇದ್ದದ್ದು ಅದೊಂದೇ. ಹರೀಶನ ಹೆಂಡತಿ ಸಂಧ್ಯಾಳ ಜೊತೆ ಮಾದೇವನೇ ಅದನ್ನು ಹೊತ್ತು ಹೋದ. ಹೋಗುವಾಗ ಹಲ್ಲಿನ ನೆನಪು ಅವನಿಗೆ ಬರಲೇ ಇಲ್ಲ.

ನಿಶಾ ಪರದೆಯ ಮೇಲೆ ಎರಡನ್ನೂ ಕೂಡಿಸಿದರು. ಹಣೆ ಕೂತಿತು, ಕೆನ್ನೆಯ ಎಲುಬು ಕೂತಿತು. ಹಲ್ಲು ಕೂರಲಿಲ್ಲ.

"ಬುರುಡೆಯಲ್ಲಿ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿದೆ. ಇವರದು ನೆಟ್ಟಗಿದೆ. ಇವರಲ್ಲ."

"ಅವ್ರದ್ದೂ ಹತ್ಕಂಡೇ ಇತ್ತು ಡಾಕ್ಟ್ರೇ, ಎಡ್ಗಡೆದು! ಮಾದೇವಣ್ಣ, ಹೇಳಾ ನೀನು!" ಸಂಧ್ಯಾ ಅವನ ತೋಳು ಹಿಡಿದು ಅಲುಗಿಸಿದಳು.

ಮಾದೇವ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸುತ್ತಿತ್ತು.

"ಮೂಲ ಫೋಟೋ ಎಲ್ಲಿ?"

"ಇಲ್ಲ ಮೇಡಂ. ಹೆಂಗಿತ್ತೋ ಹಂಗೇ ಮತ್ತೆ ಸೊಟ್ಟ ಮಾಡಿ ಕೊಡ್ತೆ. ನಂಗೆ ಕಣ್ಣಿಗೆ ಕಟ್ದಂಗೆ ಇದೆ."

"ಬುರುಡೆ ನೋಡಿದ ಮೇಲೆ ಮಾಡಿಕೊಟ್ಟ ಹಲ್ಲನ್ನು ನಾನು ಪುರಾವೆ ಅಂತ ಹೇಗೆ ಬರೀಲಿ?" ನಿಶಾರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಬಾಯಿಮಾತು ಸಾಲದು. ಇನ್ನೂ ಎರಡು ಮನೆಯವರು ಇದು ನಮ್ಮವರದ್ದೇ ಅಂತಿದ್ದಾರೆ."

ಕೊನೆಗೆ ಗುರುತು ಸಿಗದ ಶವವೆಂದು ಬರೆದುಕೊಂಡು ಪೊಲೀಸರು ಎಲುಬುಗಳನ್ನು ಮಣ್ಣು ಮಾಡಿದರು. ಸಂಧ್ಯಾಳಿಗೆ ಒಂದು ಹಿಡಿ ಮಣ್ಣು ಹಾಕುವ ಹಕ್ಕೂ ಸಿಗಲಿಲ್ಲ.

ಮರುದಿನ ಅವಳು ಸ್ಟುಡಿಯೋಕ್ಕೆ ಬಂದಳು. ಬೈಯುತ್ತಾಳೆಂದು ಮಾದೇವ ತಲೆ ತಗ್ಗಿಸಿ ಕಾದ. ಬೈದಿದ್ದರೆ ಒಳ್ಳೆಯದಿತ್ತು.

"ಮನೇಲಿ ಎಲ್ಲಾ ಅವ್ರ ಫೋಟೋಕ್ಕೆ ಹಾರ ಹಾಕು ಅಂತ್ರು," ಅಂದಳು. "ಹಾಕ್ಲಾ, ಬೇಡ್ವಾ?"

ಮಾದೇವ ಮತ್ತೆ ಗೋಡೆ ಸೇರಿದ್ದ ಚಿತ್ರವನ್ನು ಇಳಿಸಿ ಅವಳ ಮುಂದೆ ಚಾಚಿದ. "ಇದನ್ನಾದ್ರೂ ತಕಂಡು ಹೋಗು, ತಂಗಿ."

ಅವಳು ಆ ನೆಟ್ಟಗಿನ ಹಲ್ಲುಗಳನ್ನು ಬಹಳ ಹೊತ್ತು ನೋಡಿದಳು.

"ಇದು ಯಾರ್ದೋ ಏನೋ. ನಂಗೆ ಬೇಡ," ಎಂದು ಹೊರಟುಹೋದಳು.