ಗೋಡೆಯ ಮೇಲಿನ ‘ನಾನು’

ಇದನ್ನು ಹೇಳಿದವರು ಮೇಡಂ ಅವರ ಅತ್ತಿಗೆ, ಅಂದರೆ ಮೇಡಂ ಅವರ ದೊಡ್ಡಮ್ಮನ ಸೊಸೆ. ಒಗೆದ ಬಟ್ಟೆಗಳನ್ನು ಮಡಿಚುತ್ತ ಹೇಳಿದರು. ನಡುವೆ ಒಂದು ಸೀರೆಯನ್ನು ಕೊಡವಿ, ‘ಎಲ್ಲಿಗೆ ಬಂದಿದ್ದೆ?’ ಎಂದು ಕೇಳಿ, ಒಂದೆರಡು ಮಾತು ಹಿಂದಕ್ಕೆ ಹೋಗಿ ಮತ್ತೆ ಎಳೆ ಹಿಡಿದರು. ಆ ಹಿಂದುಮುಂದುಗಳನ್ನಷ್ಟೇ ಸರಿಪಡಿಸಿದ್ದೇನೆ.

‘ಮೇಡಂ’ ಮನೆಯವರೇ ಇಟ್ಟ ಹೆಸರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಹೇಳುತ್ತಿದ್ದಾಗ ಹೆಮ್ಮೆಯಿಂದ ಕರೆದದ್ದು, ಆ ಕೆಲಸ ಬಿಟ್ಟ ಮೇಲೆ ತಮಾಷೆಯಾಗಿ ಉಳಿಯಿತು. ಖಾಯಂ ಹುದ್ದೆ ಈ ವರ್ಷ ಬಂದೀತು, ಮುಂದಿನ ವರ್ಷ ಬಂದೀತು ಎಂದು ಕಾದು ಕಾದು, ಒಂದು ಬೇಸಿಗೆಯಲ್ಲಿ ಅವರು ಕಾಯುವುದನ್ನೇ ನಿಲ್ಲಿಸಿದರು. ದೊಡ್ಡಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಬಾಗಿಲಿಗೆ ‘ಇತಿಹಾಸ: ಬರವಣಿಗೆ ಮತ್ತು ಸಲಹೆ’ ಎಂಬ ಫಲಕ ತೂಗುಹಾಕಿದರು.

“ಆಗಿಹೋದದ್ದಕ್ಕೆ ಏನು ಸಲಹೆ ಕೊಡ್ತೀರಿ ಮೇಡಂ?” ಎಂದು ಅತ್ತಿಗೆ ಕೆಣಕಿದರು.

“ಇನ್ನೊಂದು ಸಲ ಹಾಗೆ ಮಾಡಬೇಡಿ ಅಂತ.”

“ಅದಕ್ಕೆ ಮನೇಲಿ ಅತ್ತೆ ಇದ್ದಾರಲ್ಲ, ಪುಕ್ಕಟೆ ಹೇಳ್ತಾರೆ!”

ಒಳಗಿನಿಂದ ದೊಡ್ಡಮ್ಮನ ದನಿ ಬಂತು: “ಕೇಳಿಸ್ತು ಕಣೇ. ಕಿವಿ ಇನ್ನೂ ಗಟ್ಟಿ ಇದೆ.”

ಮೊದಮೊದಲು ಒಂದು ಆಸ್ಪತ್ರೆಯ ಶತಮಾನೋತ್ಸವದ ಪುಸ್ತಕ ಬರೆಯುವ ಕೆಲಸ ಸಿಕ್ಕಿತು. ಆಮೇಲೆ ಹಳೆಯ ಬೀದಿಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಕಥೆ ಹೇಳುವ ಕೆಲಸ. ತರಗತಿಯಲ್ಲಿ ಒಂದು ಗಂಟೆ ಎಳೆಯುತ್ತಿದ್ದ ವಿಷಯವನ್ನು ಬಿಸಿಲಲ್ಲಿ ನಿಂತವರಿಗೆ, ಅವರು ಕೈಗಡಿಯಾರ ನೋಡಿಕೊಳ್ಳುವ ಮುನ್ನ ಹೇಳಿ ಮುಗಿಸುವುದನ್ನು ಮೇಡಂ ಕಲಿತರು. ಅಡಿಟಿಪ್ಪಣಿಗಳಿಲ್ಲದೆ ಬರೆಯುವುದನ್ನೂ ಕಲಿತರು. ಹೆಸರು ಬಂತು.

ಆಗ ಬಲ್ಬಿನ ಕಾರ್ಖಾನೆಯ ಕೆಲಸ ಬಂತು. ಬಾಗಿಲು ಮುಚ್ಚಿ ಪಾಳುಬಿದ್ದಿದ್ದ ಆ ಕಟ್ಟಡವನ್ನು ಒಬ್ಬ ಬಿಲ್ಡರ್ ಕೊಂಡು, ಅಂಗಡಿ ಹೋಟೆಲುಗಳ ಸಂಕೀರ್ಣವಾಗಿ ಮಾಡುತ್ತಿದ್ದ. ಒಳಗೆ ಬರುವ ಹಜಾರದಲ್ಲಿ ಕಾರ್ಖಾನೆಯ ನೆನಪಿಗೆ ಒಂದು ಗೋಡೆ ಇರಲಿ ಎಂದು ಅವನ ಮ್ಯಾನೇಜರು ಮೇಡಂ ಅವರನ್ನು ಕರೆಸಿದ. ಮೇಡಂಗೆ ಅದು ಪರರ ಕಾರ್ಖಾನೆಯಾಗಿರಲಿಲ್ಲ. ದೊಡ್ಡಮ್ಮ ಮದುವೆಗೆ ಮುಂಚಿನಿಂದ ಅಲ್ಲೇ ದುಡಿದವರು. ಕೂದಲಿಗಿಂತ ತೆಳುವಾದ ತಂತಿಯ ಸುರುಳಿಯನ್ನು ಚಿಮಟದಿಂದ ಎತ್ತಿ ಬಲ್ಬಿನೊಳಗಿನ ಪುಟ್ಟ ಗಾಜಿನ ಕಂಬಕ್ಕೆ ಕೂರಿಸುವ ಸಾಲಿನಲ್ಲಿ ಅವರ ಜಾಗ. ಪಕ್ಕದ ಸ್ಟೂಲಿನಲ್ಲಿ ಅವರ ಗೆಳತಿ. ಆ ಗೆಳತಿಯ ಕೈ ಎಷ್ಟು ಚುರುಕೆಂದರೆ ಸಾಲಿನವರೆಲ್ಲ ಆಕೆಯನ್ನು ‘ಚಿಮಟಕ್ಕ’ ಎಂದೇ ಕರೆದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತಂತೆ. ಕಾರ್ಖಾನೆ ಮುಚ್ಚಿದ ಮೇಲೂ ಇಬ್ಬರೂ ದಿನಾ ಸಂಜೆ ಉದ್ಯಾನದ ಬೆಂಚಿನಲ್ಲಿ ಕೂರುತ್ತಿದ್ದರು. ಹಳೆಯ ಸಾಲಿನ ಇನ್ನೂ ನಾಲ್ಕೈದು ಹೆಂಗಸರು ಅಲ್ಲಿಗೆ ಬರುತ್ತಿದ್ದರು.

ಮೇಡಂ ಮೂವರ ಮಾತನ್ನು ರೆಕಾರ್ಡ್ ಮಾಡಿಕೊಂಡರು: ದೊಡ್ಡಮ್ಮ, ಚಿಮಟಕ್ಕ, ಮತ್ತು ಬಹಳ ತಡವಾಗಿ ಕೆಲಸಕ್ಕೆ ಸೇರಿದ ಒಬ್ಬ ಕಿರಿಯ ಹೆಂಗಸು. ಮೇಡಂ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬರೆದುಕೊಂಡದ್ದನ್ನು ಹೇಳಿದವರೆದುರೇ ಓದಿ, ಅವರು ಒಪ್ಪಿದರೆ ಮಾತ್ರ ಬಳಸುವುದು. ಚಿಮಟಕ್ಕ ಕೋಣೆಯ ಬಾಗಿಲು ಹಾಕಿಸಿ ಒಂದು ಸಂಗತಿ ಹೇಳಿದ್ದರು. ದೊಡ್ಡ ಮುಷ್ಕರದ ದಿನಗಳಲ್ಲಿ ಅವರ ಗಂಡ, ‘ಮುಷ್ಕರ ಗಿಷ್ಕರ ಅಂದರೆ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತೇನೆ’ ಎಂದಿದ್ದ. ಅವರು ಬೆಳಗ್ಗೆ ಹಿಂಬಾಗಿಲಿನಿಂದ ಒಳಗೆ ಹೋಗಿ ಕೆಲಸ ಮಾಡಿ, ಸಂಜೆಯ ಧರಣಿಯ ಸರದಿಗೆ ಮುಂಬಾಗಿಲಿನ ಎದುರು ಗೆಳತಿಯರೊಂದಿಗೆ ಕೂತು ಘೋಷಣೆ ಕೂಗಿದ್ದರು. “ಯಾರೋ ಒಬ್ಬಳು ಹೀಗೆ ಮಾಡಿದ್ಲು ಅಂತ ಹಾಕು ತಾಯಿ. ಹೆಸರು ಬೇಡ. ಹೇಳದೇ ಸತ್ತರೆ ಎದೆ ಮೇಲೆ ಕಲ್ಲು ಹೊತ್ಕೊಂಡು ಹೋದ ಹಾಗಾಗುತ್ತೆ.” ಮೇಡಂ ಅದನ್ನು ಓದಿ ಕೇಳಿಸಿದರು. ಚಿಮಟಕ್ಕ ಒಪ್ಪಿದರು.

ಗೋಡೆಯ ಕರಡು ನೋಡಿದ ಮ್ಯಾನೇಜರು ಮುಖ ಕಿವುಚಿದ. “ಗೋಡೆ ಮುಂದೆ ಜನ ಅರ್ಧ ನಿಮಿಷ ನಿಂತರೆ ಹೆಚ್ಚು ಮೇಡಂ. ಅವರು ಹೇಳಿದರು, ಇವರು ಹೇಳಿದರು ಅಂತಿದ್ರೆ ಯಾರು ಓದ್ತಾರೆ? ಒಂದೇ ಧ್ವನಿ ಮಾಡಿ. ‘ನಾನು’ ಅಂತ ಶುರು ಮಾಡಿ.”

ಈ ಕಸುಬಿನಲ್ಲಿ ಅದೇನೂ ಹೊಸದಲ್ಲ. ಮೇಡಂ ಮೂವರ ನೆನಪುಗಳನ್ನು ಒಬ್ಬಳ ಮಾತಾಗಿ ಹೆಣೆದರು. ಹೊಲಿಗೆಯೇ ಕಾಣದಷ್ಟು ನಯವಾಗಿ ಹೆಣೆದರು. ಜಾಗ ಸಾಲದೆ ಚಿಮಟಕ್ಕನ ಗಂಡನ ಮಾತು ಬಿದ್ದುಹೋಯಿತು, ಹಿಂಬಾಗಿಲು ಉಳಿಯಿತು. ನೆಲದ ಹತ್ತಿರ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ‘ಹಲವರ ನೆನಪುಗಳನ್ನು ಆಧರಿಸಿದ್ದು’ ಎಂದು ಹಾಕಿದರು. ಸ್ಟೂಲಿನ ಮೇಲೆ ಕೂತು ಚಿಮಟ ಹಿಡಿದ ಸ್ಪಷ್ಟವಾದ ಫೋಟೋ ಒಂದೇ ಸಿಕ್ಕಿತ್ತು. ಅದು ದೊಡ್ಡಮ್ಮನದು. ವಿನ್ಯಾಸದವರು ಅದನ್ನು ಆಳೆತ್ತರಕ್ಕೆ ಹಿಗ್ಗಿಸಿ ಮಾತಿನ ಪಕ್ಕದಲ್ಲೇ ಅಂಟಿಸಿದರು. ಫೋಟೋಗೆ ದೊಡ್ಡಮ್ಮ ಒಪ್ಪಿದ್ದರು. ತಂತಮ್ಮ ಮಾತಿಗೆ ಮೂವರೂ ಒಪ್ಪಿದ್ದರು. ಹೆಣೆದದ್ದನ್ನು ಮಾತ್ರ ಯಾರೆದುರೂ ಓದಲಿಲ್ಲ.

ಉದ್ಘಾಟನೆಯ ದಿನ ದೊಡ್ಡಮ್ಮ ಹಸಿರು ಸೀರೆ ಉಟ್ಟು ಬಂದರು. ಬೆಂಚಿನ ಹೆಂಗಸರೆಲ್ಲ ಬಂದಿದ್ದರು. “ಏನೇ, ಸಿನಿಮಾ ನಟಿ ಆಗ್ಬಿಟ್ಟೆ!” ಎಂದು ಒಬ್ಬರು ದೊಡ್ಡಮ್ಮನ ಭುಜ ತಟ್ಟಿದರು. ಇನ್ನೊಬ್ಬರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದರು. “ನಾನು ಈ ಸಾಲಿನಲ್ಲಿ ಕುಳಿತಾಗ ನನಗೆ ಇನ್ನೂ ಎರಡು ಜಡೆ... ಗೆಳತಿಯರು ಮುಷ್ಕರ ಹೂಡಿದಾಗ ಬೆಳಗ್ಗೆ ನಾನು ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ. ಸಂಜೆ ಅವರ ಪಕ್ಕದಲ್ಲೇ ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ...”

ಓದು ಅಲ್ಲಿಗೆ ನಿಂತಿತು. ಭುಜದ ಮೇಲಿದ್ದ ಕೈ ಕೆಳಗಿಳಿಯಿತು.

“ನೀನಾ?” ಎಂದರು ಓದಿದವರು. ಆ ಮುಷ್ಕರದಲ್ಲಿ ಅವರ ಗಂಡ ಕೆಲಸ ಕಳೆದುಕೊಂಡಿದ್ದ.

ದೊಡ್ಡಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಗುಂಪಿನ ಹಿಂದೆ ನಿಂತಿದ್ದ ಚಿಮಟಕ್ಕನ ಮೇಲೆ ಬಿತ್ತು. ಮೇಡಂ ಯಾರ ಯಾರ ಮಾತು ರೆಕಾರ್ಡ್ ಮಾಡಿಕೊಂಡಿದ್ದರೆಂದು ಬೆಂಚಿನವರಿಗೆಲ್ಲ ಗೊತ್ತಿತ್ತು. ಆ ಮೂವರಲ್ಲಿ ಸಂಜೆಯ ಸರದಿಯಲ್ಲಿ ಕೂರುತ್ತಿದ್ದವರು ಅವರಿಬ್ಬರೇ. ಮೂರನೆಯವಳು ಮುಷ್ಕರದ ಕಾಲಕ್ಕೆ ಕೆಲಸಕ್ಕೇ ಸೇರಿರಲಿಲ್ಲ. ತಾನಲ್ಲ ಎಂದರೆ ಉಳಿಯುವವರು ಯಾರೆಂದು ಲೆಕ್ಕ ಹಾಕಲು ಯಾರಿಗೂ ಕಷ್ಟವಿರಲಿಲ್ಲ. ಚಿಮಟಕ್ಕನ ಮುಖ ಸುಣ್ಣದಂತಾಗಿತ್ತು.

“ಹಳೇ ಮಾತು ಬಿಡ್ರೇ,” ಎಂದರು ದೊಡ್ಡಮ್ಮ. “ಕಾಲು ನೋಯ್ತಿದೆ, ಮನೆಗೆ ಹೋಗ್ತೀನಿ.”

ಮನೆಯಲ್ಲಿ ಮೇಡಂ ಕಾಲಿಗೆ ಬಿದ್ದಂತೆ ಕೇಳಿಕೊಂಡರು. “ನಾಳೆನೇ ಫೋಟೋ ತೆಗೆಸ್ತೀನಿ ದೊಡ್ಡಮ್ಮ. ಆ ಸಾಲೇ ಅಳಿಸ್ತೀನಿ. ಮ್ಯಾನೇಜರು ಕೂಗಾಡಲಿ, ಮುಂದೆ ಕೆಲಸ ಕೊಡದೇ ಇರಲಿ.”

“ಅಳಿಸಿದ್ರೆ ಯಾಕೆ ಅಳಿಸಿದ್ರು ಅಂತ ಕೇಳಲ್ವಾ? ನಾನಲ್ಲ ಅಂತ ಆದ್ರೆ ಮತ್ಯಾರು ಅನ್ನಲ್ವಾ?”

“ಹಾಗಂತ ನೀವು ಮಾಡದೇ ಇರೋದನ್ನ...”

“ಅವಳು ನಿನ್ನ ನಂಬಿ ಹೇಳಿದ್ದಾಳೆ. ನನಗೇ ಹೇಳಿರಲಿಲ್ಲ, ನಿನಗೆ ಹೇಳಿದ್ಲು. ಮುಟ್ಟಬೇಡ. ಹಾಗೇ ಇರಲಿ.” ಆಮೇಲೆ ಅವರೇ ಕೇಳಿದರಂತೆ: “ನನ್ನ ಮುಂದೆ ಒಂದ್ಸಲ ಓದಬಾರದಿತ್ತಾ ಮಗಳೇ? ಇಲ್ಲೇ, ಪಕ್ಕದ ಕೋಣೇಲೇ ಇದ್ದೆನಲ್ಲ.”



ಮರುದಿನ ಚಿಮಟಕ್ಕ ಬಂದರು. ದೊಡ್ಡಮ್ಮ ಚಹಾ ಕೊಟ್ಟರು. ಚಿಮಟಕ್ಕ ಲೋಟ ಹಿಡಿದು, “ನಾನು ಹೋಗಿ ಎಲ್ಲರ ಮುಂದೆ ಹೇಳಿಬಿಡ್ತೀನಿ ಕಣೇ,” ಎಂದರು.

“ಏನನ್ನ?”

“ಅದೇ...”

“ಏನೂ ಇಲ್ಲ. ಚಹಾ ಆರ್ತಿದೆ, ಕುಡಿ.”

ಚಿಮಟಕ್ಕ ಕುಡಿದರು. ಹೇಳಲಿಲ್ಲ. ಎದ್ದು ಹೋಗುವಾಗ ಚಪ್ಪಲಿ ಎಡಬಲ ಮಾಡಿ ಹಾಕಿಕೊಂಡು, ಬಾಗಿಲಲ್ಲಿ ನಿಂತು ಬದಲಿಸಿಕೊಂಡರು. ಆಮೇಲೆ ಅವರು ಆ ಮನೆಗೆ ಬರಲಿಲ್ಲ, ಬೆಂಚಿಗೂ ಬರಲಿಲ್ಲ. ದೊಡ್ಡಮ್ಮ ಕೆಲವು ಸಂಜೆ ಬೆಂಚಿಗೆ ಹೋದರು. ಉಳಿದ ಹೆಂಗಸರು ಸರಿದು ಜಾಗ ಬಿಡುತ್ತಿದ್ದರಂತೆ, ಬೇಕಾದ್ದಕ್ಕಿಂತ ಹೆಚ್ಚೇ ಬಿಡುತ್ತಿದ್ದರಂತೆ. ಈಗ ಅವರು ಸಂಜೆ ಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ. “ಅತ್ತೆ ಗೆಳತಿಯ ಗುಟ್ಟು ಉಳಿಸಿದರು,” ಎಂದರು ಅತ್ತಿಗೆ, “ಗೆಳತಿಯೇ ಉಳಿಯಲಿಲ್ಲ.”

ಗೋಡೆಯನ್ನು ಪತ್ರಿಕೆಗಳು ಹೊಗಳಿದವು. ಮೇಡಂಗೆ ಕೆಲಸದ ಮೇಲೆ ಕೆಲಸ ಬಂತು. ವಿಶ್ವವಿದ್ಯಾಲಯದವರು, ಒಂದು ಕಾಲಕ್ಕೆ ಕುರ್ಚಿ ಕೊಡದವರು, ‘ಕಾಲೇಜಿನಾಚೆಗೂ ಇತಿಹಾಸದ ಬದುಕು’ ಎಂಬ ವಿಷಯದ ಮೇಲೆ ಭಾಷಣಕ್ಕೆ ಕರೆದು ಶಾಲು ಹೊದಿಸಿದರು. ಒಪ್ಪಂದದಂತೆ ತಿಂಗಳಿಗೊಮ್ಮೆ ಸಂಕೀರ್ಣಕ್ಕೆ ಬಂದವರಿಗೆ ಗೋಡೆ ತೋರಿಸುವ ಕೆಲಸವನ್ನೂ ಅವರೇ ಮಾಡುತ್ತಾರೆ.

ಒಮ್ಮೆ ಅತ್ತಿಗೆ ಬೇರೇನೋ ಕೊಳ್ಳಲು ಹೋದವರು ಆ ಗುಂಪಿನ ಹಿಂದೆ ನಿಂತರು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಗೋಡೆಯನ್ನು ಪೂರ್ತಿ ಓದಿ, ಫೋಟೋದತ್ತ ಕೈ ತೋರಿಸಿ ಕೇಳಿದಳು: “ಇವರು ಇನ್ನೂ ಇದ್ದಾರಾ ಮೇಡಂ?”

“ಇದ್ದಾರೆ.”

“ಧೈರ್ಯ ನೋಡಿ, ತಾನೇ ಒಪ್ಪಿಕೊಂಡಿದ್ದಾರೆ. ಆಮೇಲೆ ಗೆಳತಿಯರು ಕ್ಷಮಿಸಿದ್ರಾ?”

ಮೇಡಂ ಗೋಡೆಗೆ ಬೆನ್ನು ಮಾಡಿ ನಿಂತಿದ್ದರು. ಹಿಂದೆ ನಿಂತ ಅತ್ತಿಗೆಯನ್ನು ಕಂಡರು, ಕಾಣದವರಂತೆ ಕಣ್ಣು ತಿರುಗಿಸಿದರು.

“ಅದನ್ನ ನಾನು ಕೇಳಲಿಲ್ಲ,” ಎಂದು ಹೇಳಿ, ಗಾಜು ಊದುತ್ತಿದ್ದ ಕೋಣೆಯ ಕಡೆಗೆ ಎಲ್ಲರನ್ನೂ ಕರೆದುಕೊಂಡು ಹೋದರು.