ಉಳಿಸಿಟ್ಟ ಪುಟ

ಗಂಟೆಗೆ ಮೂವತ್ತು ರೂಪಾಯಿ, ಅಚ್ಚು ಹಾಕಿದ ಹಾಳೆಗೆ ಐದು. ಎರಡು ಸಾವಿರದ ಮೂರರಲ್ಲಿ ಸಿಂದಗಿಯ ನನ್ನ ಇಂಟರ್‌ನೆಟ್ ಅಂಗಡಿಯ ದರ ಅದು. ಒಮ್ಮೆ ತೆರೆದ ಪುಟವನ್ನು ನಾನು ಕಂಪ್ಯೂಟರಿನಲ್ಲೇ ಉಳಿಸಿಡುತ್ತಿದ್ದೆ. ಮತ್ತೆ ಕೇಳಿದವರಿಗೆ ಫೋನ್ ಲೈನ್ ಜೋಡಿಸದೆ ಅದನ್ನೇ ತೋರಿಸಿ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಗಿರಾಕಿಗೂ ಉಳಿತಾಯ, ನನಗೂ ಉಳಿತಾಯ.

ಎದುರು ಮನೆಯ ಜಾನಕಿಬಾಯಿಯ ಮಗಳು ಮೃಣಾಲಿನಿ ಜೀವಕೋಶಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ತಾಯಿಯ ಕಾಲು ಮುರಿದಿದ್ದರಿಂದ ಊರಲ್ಲೇ ಕುಳಿತು ಪ್ರಬಂಧ ಬರೆಯುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ ತಾಣ. ಪ್ರಯೋಗಕ್ಕೆ ಬೆಳೆಸುವ ಜೀವಕೋಶಗಳ ಒಂದೊಂದು ತಳಿಯ ಬಗ್ಗೆಯೂ ಬಲ್ಲವರು ಪರೀಕ್ಷಿಸಿ, ತಿದ್ದಿ ಅಲ್ಲಿ ಬರೆದಿಡುತ್ತಿದ್ದರು. ತಾನು ಮೂರು ವರ್ಷ ದುಡಿದ ತಳಿಯ ಪುಟವನ್ನು ವಾರಕ್ಕೊಮ್ಮೆ ಬಂದು ನೋಡುವಳು. ಹೊಸದೇನೂ ಇಲ್ಲವೆಂದು ಸಮಾಧಾನದಿಂದ ಎದ್ದು, ನಾನು ಐದೇ ರೂಪಾಯಿ ಕೇಳಿದರೆ ನೆರೆಮನೆಯ ರಿಯಾಯಿತಿ ಎಂದುಕೊಂಡು ಹೋಗುವಳು.

ಜೂನ್ ತಿಂಗಳ ಒಂದು ಶುಕ್ರವಾರ ಓಡಿ ಬಂದಳು. ಸೋಮವಾರ ಪ್ರಬಂಧ ಒಪ್ಪಿಸಬೇಕಿತ್ತು. ಕೊನೆಯ ಆಧಾರಗಳ ಪಟ್ಟಿಯಲ್ಲಿ ಆ ಪುಟದ ತಾರೀಖು ಬರೆಯುವುದೊಂದೇ ಬಾಕಿ. ನಾನು ಪುಟ ತೆರೆದು ಕೊಟ್ಟೆ.

"ಕಾಕಾ, ಕೆಳಗ ಮಾರ್ಚ್ ಅಂತ ಅದ. ಇದನ್ನ ಈಗ ತಗದ್ರಿ ಹೌದಿಲ್ಲೋ?"

"ಇಲ್ಲ ತಂಗಿ, ಮೊದಲ ಸಲ ನೀ ನೋಡಿದ್ದನ್ನ ಇಟ್ಟೇನಿ. ಒಂದ ಪುಟಕ್ಕ ವಾರಾವಾರಾ ರೊಕ್ಕಾ ಯಾಕ ಸುಡತಿ ಅಂತ."

ಅವಳ ಕೈಯಿಂದ ಪೆನ್ನು ಬಿತ್ತು. "ಮೂರು ತಿಂಗಳಿಂದ ನನಗ ತಂಗಳ ಉಣಿಸೀರೇನ್ರಿ?"

ಲೈನ್ ಎರಡು ಸಲ ಹತ್ತಲಿಲ್ಲ. ಮೂರನೆಯ ಸಲ ಪುಟ ಸಾಲುಸಾಲಾಗಿ ತೆವಳುತ್ತ ಇಳಿಯಿತು. ಮೇಲೆ ಕೆಂಪಕ್ಷರ. ಅವಳು ಓದಿ ಹೇಳಿದಳು: ಏಪ್ರಿಲ್ ಹನ್ನೆರಡು. ಹಲವು ಪ್ರಯೋಗಾಲಯಗಳಲ್ಲಿ ಈ ತಳಿಗೆ ಬೇರೆ ಜೀವಕೋಶ ಬೆರೆತು ಅದೇ ತುಂಬಿಕೊಂಡಿದೆ. ಪರೀಕ್ಷಿಸದೆ ನಂಬಬೇಡಿ.

"ಮಾಲದಂಡಿ ಜ್ವಾಳ ಅಂತ ತಂದ ಬೀಜ ಬ್ಯಾರೆ ಇದ್ದಂಗೇನು?"

"ಹೌದ್ರಿ. ಮೂರು ವರ್ಷ ಅದನ್ನ ಬೆಳದೀನೋ ಏನೋ."

"ಹಂಗಾರ ಪರೀಕ್ಷಾ ಮಾಡಸು."

"ಏನ್ ತಗೊಂಡು ಮಾಡಸ್ಲಿ? ಕೆಲಸ ಮುಗೀತು ಅಂತ ಮೇ ತಿಂಗಳದಾಗ ಲ್ಯಾಬಿಗೆ ಹೋಗಿ ಜೀವಕೋಶದ ಸೀಸೆ ಎಲ್ಲಾ ಚೆಲ್ಲಿಸಿ ಬಂದೀನಿ. ಇದು ಏಪ್ರಿಲ್‌ದಾಗ ಕಂಡಿದ್ರ ಚೆಲ್ಲತಿದ್ದಿಲ್ಲ ಕಾಕಾ."

ನನ್ನ ಬಾಯಿಯಿಂದ ಬರಬಾರದ ಮಾತು ಬಂತು. "ಹಂಗ ಕೊಟ್ಟುಬಿಡು. ಯಾರಿಗೆ ಗೊತ್ತಾಗತೈತಿ?"

"ಈ ಪುಟ ನೋಡಾಕಿ ನಾ ಒಬ್ಬಾಕಿನ ಅಲ್ರಿ."

ನನ್ನ ಫೋನಿನಿಂದಲೇ ಗೈಡ್‌ಗೆ ಎಲ್ಲ ಹೇಳಿದಳು. ಅವರು ಇನ್ನೂ ಮಾತಾಡುತ್ತಿದ್ದಾಗಲೇ ಫೋನನ್ನು ಮೇಜಿನ ಮೇಲಿಟ್ಟು ಸೆರಗು ಬಾಯಿಗೆ ಒತ್ತಿ ಕುಳಿತಳು. ನಾನು ಅವಳ ಐದು ರೂಪಾಯಿ ಹಿಂದೆ ಕೊಡಲು ಹೋದೆ. ಕೈ ಅರ್ಧದಲ್ಲೇ ನಿಂತಿತು.

ಪರೀಕ್ಷೆಯ ಸಾಕ್ಷಿಯಿಲ್ಲದೆ ಪ್ರಬಂಧ ಹೋಗಲಿಲ್ಲ. ಅವಳು ಇಂಡಿ ಪಟ್ಟಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದಳು. ಅವಳ ಜೀವಕೋಶ ಶುದ್ಧವಿತ್ತೋ ಬೆರೆತಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಹನ್ನೆರಡು ವಾರದಲ್ಲಿ ನಾನು ಅವಳಿಗೆ ಉಳಿಸಿಕೊಟ್ಟದ್ದು ಮುನ್ನೂರು ರೂಪಾಯಿ. ಕಳೆದದ್ದು ಮೂರು ವರ್ಷ.